ವಿನ್ಸೆಂಟ್ ಬಾಕ್ ಟ್ರೊಂಬೋನ್: ಮೌಂಟ್ ವರ್ನನ್‌ದಕ್ಕೂ ಎಲ್ಕ್‌ಹಾರ್ಟ್‌ದಕ್ಕೂ ನಿಜಕ್ಕೂ ಅಷ್ಟು ವ್ಯತ್ಯಾಸ ಇದೆಯಾ?

ಮಂದ್ರಸ್ಥಾಯಿ:

ಎಲ್ಲರಿಗೂ ನಮಸ್ಕಾರ. ನಾನು ಇಷ್ಟು ವರ್ಷ ಸಣ್ಣ ಬೋರಿನ, ಅಂದರೆ ಕೊಳವೆಯ ಒಳವ್ಯಾಸ ಕಡಿಮೆ ಇರುವ, ಟೆನರ್ ಟ್ರೊಂಬೋನ್ ನುಡಿಸಿಕೊಂಡು ಬಂದವನು. ಈಗ ಒಂದು ಆರ್ಕೆಸ್ಟ್ರಾದಲ್ಲಿ ಕೂರುವ ಅವಕಾಶ ಬಂದಿದೆ. ಅಲ್ಲಿಗೆ ದೊಡ್ಡ ಬೋರ್ ಬೇಕು, ಎಫ್ ಟ್ರಿಗರ್ (ಒತ್ತಿದರೆ ವಾದ್ಯದ ಶ್ರುತಿ ಎಫ್‌ಗೆ ಇಳಿಸುವ ವಾಲ್ವ್) ಇರಲೇಬೇಕು ಅಂತ ಹೇಳಿದ್ದಾರೆ. ಹುಡುಕುತ್ತಾ ಹೋದಾಗ ಬಾಕ್ ಕಂಪನಿಯ 42ಬಿ ಅನ್ನುವ ಮಾದರಿಯ ಎರಡು ಹಳೆಯ ಟ್ರೊಂಬೋನ್ ಸಿಕ್ಕಿವೆ. ಎರಡರ ಬೆಲ್ (ವಾದ್ಯದ ಅರಳಿದ ಬಾಯಿ) ಮೇಲೂ ವಿನ್ಸೆಂಟ್ ಬಾಕ್ ಹೆಸರು ಕೆತ್ತಿದೆ. ಒಂದರಲ್ಲಿ ಹೆಸರಿನ ಜೊತೆಗೆ ಮೌಂಟ್ ವರ್ನನ್, ನ್ಯೂಯಾರ್ಕ್ ಅಂತಿದೆ. ಇನ್ನೊಂದರಲ್ಲಿ ಎಲ್ಕ್‌ಹಾರ್ಟ್, ಇಂಡಿಯಾನಾ.

ಕೇಳಿದವರಲ್ಲಿ ಅರ್ಧ ಜನ "ಮೌಂಟ್ ವರ್ನನ್ ಸಿಕ್ಕರೆ ಕಣ್ಣು ಮುಚ್ಚಿ ತೊಗೊಳ್ಳಿ" ಅಂತಾರೆ. ಯಾಕೆ ಅಂತ ಕೇಳಿದರೆ "ಆ ಕಾಲದ ಕೆಲಸವೇ ಬೇರೆ" ಅಂತ ಹೇಳಿ ಸುಮ್ಮನಾಗುತ್ತಾರೆ. ನನಗೆ ಅಷ್ಟು ಸಾಲದು. ಈ ಬಾಕ್ ಯಾರು, ಊರು ಬದಲಾದಾಗ ವಾದ್ಯದಲ್ಲಿ ಏನು ಬದಲಾಯಿತು, ಬೆಲ್ ಕೈಯಲ್ಲಿ ಬಡಿದು ಮಾಡಿದ್ದು ಅಂದರೆ ನಿಜವಾಗಿ ಏನು ಮಾಡುತ್ತಾರೆ, ಇದನ್ನೆಲ್ಲ ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ಕೊನೆಗೆ, ಎರಡನ್ನೂ ಮುಂದಿಟ್ಟುಕೊಂಡು ನೋಡುವಾಗ ನಾನು ಎಲ್ಲಿ ಕಣ್ಣು ಹಾಯಿಸಬೇಕು ಅನ್ನುವುದನ್ನೂ ತಿಳಿಸಿ.

ಹಳೇಬೆಲ್:

ಒಳ್ಳೆಯ ಪ್ರಶ್ನೆ ಸರ್. ಬಾಕ್ ಕಥೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಬಾಕ್ ಹುಟ್ಟಿದ್ದು 1890ರಲ್ಲಿ, ವಿಯೆನ್ನಾ ಹತ್ತಿರದ ಬಾಡೆನ್‌ನಲ್ಲಿ. ಹುಟ್ಟುಹೆಸರು ವಿನ್ಸೆಂಜ್ ಶ್ರೊಟೆನ್‌ಬಾಕ್. ಓದಿದ್ದು ಎಂಜಿನಿಯರಿಂಗ್, ಮನಸ್ಸೆಲ್ಲ ಟ್ರಂಪೆಟ್ ಥರದ ಕಾರ್ನೆಟ್ ಮೇಲೆ. ಓದಿದ ಕೆಲಸ ಬಿಟ್ಟು ಕಾರ್ನೆಟ್ ಹಿಡಿದು ಊರೂರು ಸುತ್ತಿದರು. 1914ರಲ್ಲಿ ಯುದ್ಧ ಶುರುವಾದಾಗ ಅವರಿದ್ದದ್ದು ಇಂಗ್ಲೆಂಡಿನಲ್ಲಿ, ಆಸ್ಟ್ರಿಯಾದವರಾದ್ದರಿಂದ ಅಲ್ಲಿ ಶತ್ರುದೇಶದ ಪ್ರಜೆ. ಹೇಗೋ ಹಡಗು ಹತ್ತಿ ನ್ಯೂಯಾರ್ಕ್ ಸೇರಿದರು. ಬಾಸ್ಟನ್ ಸಿಂಫನಿಯ ನಿರ್ದೇಶಕ ಕಾರ್ಲ್ ಮುಕ್ ಅವರಿಗೆ ಕಾಗದ ಬರೆದು ಅಲ್ಲಿ ಟ್ರಂಪೆಟ್ ನುಡಿಸುವ ಕೆಲಸ ಗಿಟ್ಟಿಸಿಕೊಂಡರು.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಅವರು ದಿನಾ ನುಡಿಸುತ್ತಿದ್ದ ಮೌತ್‌ಪೀಸನ್ನು ರಿಪೇರಿಗೆ ಕೊಟ್ಟಾಗ ರಿಪೇರಿಯವರು ಅದನ್ನು ಕೆಡಿಸಿಬಿಟ್ಟರು. ಅದೇ ಅಳತೆಯದು ಮತ್ತೆ ಎಲ್ಲೂ ಸಿಗಲಿಲ್ಲ. ತಾನೇ ಮಾಡಿಕೊಳ್ಳುತ್ತೇನೆ ಅಂತ 1918ರಲ್ಲಿ ಕಾಲಲ್ಲಿ ತುಳಿಯುವ ಒಂದು ಲೇಥ್ ಕೊಂಡು, ನ್ಯೂಯಾರ್ಕಿನ ಸೆಲ್ಮರ್ ವಾದ್ಯದಂಗಡಿಯ ಹಿಂಭಾಗದಲ್ಲಿ ಕೂತು ಮೌತ್‌ಪೀಸ್ ಕಡೆಯಲು ಶುರು ಮಾಡಿದರು. ಒಮ್ಮೆ ಚೆನ್ನಾಗಿ ಬಂದ ಅಳತೆಯನ್ನು ಬರೆದಿಟ್ಟು, ಇನ್ನೊಮ್ಮೆ ಅದನ್ನೇ ತಪ್ಪಿಲ್ಲದೆ ಮಾಡಬೇಕು ಅನ್ನುವ ಹಟ ಅವರಿಗೆ ಅಲ್ಲೇ ಹತ್ತಿದ್ದು ಅಂತ ನನಗನಿಸುತ್ತದೆ. ಇವತ್ತಿಗೂ ಜಗತ್ತಿನ ಅರ್ಧದಷ್ಟು ವಾದಕರು ಮೌತ್‌ಪೀಸ್ ಕೇಳುವುದು ಬಾಕ್ ನಂಬರಿನಲ್ಲೇ ಅಲ್ವಾ? 6½ಎಎಲ್, 5ಜಿ, 1½ಜಿ, ಎಲ್ಲವೂ ಅವರದೇ ಲೆಕ್ಕ. ನಂಬರ್ ಚಿಕ್ಕದಾದಷ್ಟೂ ಬಟ್ಟಲು ಅಗಲ.

1920ರ ದಶಕದ ಮಧ್ಯದಲ್ಲಿ ಟ್ರಂಪೆಟ್ ಬಂತು. ದಶಕದ ಕೊನೆಗೆ ಬ್ರಾಂಕ್ಸ್‌ನಲ್ಲಿ ಸ್ವಂತ ಕಾರ್ಖಾನೆ ಆಯಿತು, ಟ್ರೊಂಬೋನ್ ಶುರುವಾಗಿದ್ದೂ ಆಗಲೇ. 1953ರಲ್ಲಿ ಅಲ್ಲಿಂದ ಸ್ವಲ್ಪ ಉತ್ತರಕ್ಕಿರುವ ಮೌಂಟ್ ವರ್ನನ್‌ಗೆ ಹೋದರು. 1961ರಲ್ಲಿ ಕಂಪನಿಯನ್ನು ಸೆಲ್ಮರ್‌ಗೆ ಮಾರಿದರು. 1964-65ರ ಹೊತ್ತಿಗೆ ಯಂತ್ರ, ಅಚ್ಚು, ಸಲಕರಣೆ ಎಲ್ಲ ಇಂಡಿಯಾನಾದ ಎಲ್ಕ್‌ಹಾರ್ಟ್‌ಗೆ ಸಾಗಿದವು. ಬಾಕ್ ತೀರಿಕೊಂಡಿದ್ದು 1976ರಲ್ಲಿ.

ಈ ತಾರೀಖುಗಳನ್ನು ಸ್ವಲ್ಪ ಒಟ್ಟಿಗೆ ಇಟ್ಟು ನೋಡಿ. ಮೌಂಟ್ ವರ್ನನ್ ಕಾಲ ಅಂದರೆ ಬರೀ ಹನ್ನೊಂದು ಹನ್ನೆರಡು ವರ್ಷ. ಅದರಲ್ಲೂ ಕೊನೆಯ ಕೆಲವು ವರ್ಷ ಕಂಪನಿ ಆಗಲೇ ಸೆಲ್ಮರ್ ಕೈಯಲ್ಲಿತ್ತು. ಬೆಲ್ ಮೇಲೆ ಮೌಂಟ್ ವರ್ನನ್ ಅಂತಿದ್ದ ಮಾತ್ರಕ್ಕೆ ಬಾಕ್ ಅವರೇ ಪಕ್ಕದಲ್ಲಿ ನಿಂತು ಮಾಡಿಸಿದ್ದು ಅಂತ ಹೇಳಲಾಗದು. ಹಾಗಂತ ಆ ಹೆಸರಿಗೆ ಬೆಲೆ ಇಲ್ಲ ಅಂತಲೂ ಅಲ್ಲ, ಅಲ್ಲಿ ಚಿಕ್ಕ ಕಾರ್ಖಾನೆ, ಕಡಿಮೆ ವಾದ್ಯ, ಮಾಲೀಕನೇ ಅಳತೆ ನೋಡುವವನು. ಅದು ದೊಡ್ಡ ವಿಷಯವೇ.

ಲೇಥ್‌ಮನೆ:

ನಾನು ಲೋಹದ ಕೆಲಸದವನು, ಹಿತ್ತಾಳೆ ವಾದ್ಯಗಳ ರಿಪೇರಿಯೂ ಮಾಡುತ್ತೇನೆ. ಬೆಲ್ ಬಗ್ಗೆ ಕೇಳಿದಿರಲ್ಲ, ಅದನ್ನು ಹೇಳುತ್ತೇನೆ. ಇದು ಸ್ವಲ್ಪ ಉದ್ದ ಆಗುತ್ತದೆ, ಓದಿ.

ಬೆಲ್ ಮಾಡುವುದಕ್ಕೆ ಮುಖ್ಯವಾಗಿ ಎರಡು ದಾರಿ. ಕೆಲವರು ಬಾಯಿಯ ಅಗಲ ಭಾಗವನ್ನು ಬೇರೆ ಮಾಡಿ, ಸಪೂರ ಕೊಳವೆಯನ್ನು ಬೇರೆ ಮಾಡಿ, ಎರಡನ್ನೂ ಸುತ್ತಲೂ ಬೆಸೆಯುತ್ತಾರೆ. ಬಾಕ್ 42ರದು ಒಂದೇ ತಗಡಿನ ಬೆಲ್. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡು ತೊಗೊಂಡು, ಒಂದು ತುದಿ ಸಪೂರ, ಇನ್ನೊಂದು ತುದಿ ಅಗಲ ಇರುವ ಹಾಗೆ ಕತ್ತರಿಸುತ್ತಾರೆ. ಅದನ್ನು ಉದ್ದಕ್ಕೆ ಮಡಚಿ ಎರಡೂ ಅಂಚು ಕೂಡಿಸುತ್ತಾರೆ. ಬಿಳಿಗಾರ ಹಚ್ಚಿ, ಹಿತ್ತಾಳೆಗಿಂತ ತುಸು ಕಡಿಮೆ ಶಾಖಕ್ಕೆ ಕರಗುವ ಬೆಸುಗೆ ಹಾಕಿ, ಅಂಚಿನುದ್ದಕ್ಕೂ ಜ್ವಾಲೆ ಹಿಡಿದು ಬೆಸೆಯುತ್ತಾರೆ. ಇಲ್ಲಿ ಕೈ ಒಂದು ಕ್ಷಣ ನಿಂತರೆ ತಗಡೇ ಕರಗಿ ತೂತಾಗುತ್ತದೆ, ಬೇಗ ಸರಿದರೆ ಬೆಸುಗೆ ಒಳಗೆ ಇಳಿಯುವುದಿಲ್ಲ.

ಆಮೇಲೆ ಅದನ್ನು ಉಕ್ಕಿನ ಅಚ್ಚಿನ ಮೇಲೆ ಏರಿಸಿ ಬಡಿಯುತ್ತಾರೆ. ಹಿತ್ತಾಳೆಯ ಗುಣ ಏನೆಂದರೆ, ಬಡಿದಷ್ಟೂ ಅದು ಗಟ್ಟಿಯಾಗುತ್ತದೆ. ಮೊದಮೊದಲು ಏಟು ಮಂಕಾಗಿ ಕೇಳುತ್ತದೆ. ಬಡಿಯುತ್ತಾ ಹೋದ ಹಾಗೆ ಸದ್ದು ಚೂಪಾಗುತ್ತದೆ, ತಗಡು ಸುತ್ತಿಗೆಯನ್ನು ವಾಪಸ್ ಚಿಮ್ಮಿಸಲು ಶುರು ಮಾಡುತ್ತದೆ. ಅಷ್ಟು ಹೊತ್ತಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಸೀಳುತ್ತದೆ. ಮಂದ ಕೆಂಪು ಬರುವವರೆಗೆ ಕಾಯಿಸಿದರೆ ಲೋಹ ಮತ್ತೆ ಮೆದುವಾಗುತ್ತದೆ. ಕಾಯಿಸಿದಾಗ ಮೇಲೆ ಕಟ್ಟಿದ ಕರಿಯನ್ನು ಆಮ್ಲದಲ್ಲಿ ಅದ್ದಿ ತೆಗೆದು, ಮತ್ತೆ ಅಚ್ಚಿಗೆ ಏರಿಸಿ ಬಡಿಯುವುದು. ಹೀಗೆ ಬಡಿ, ಕಾಯಿಸು, ತೊಳೆ, ಬಡಿ ಅಂತ ಹಲವು ಸುತ್ತು ನಡೆಯುತ್ತದೆ. ಕೊನೆಗೆ ಅಚ್ಚಿನ ಸಮೇತ ಲೇಥಿಗೆ ಹಾಕಿ ತಿರುಗಿಸಿ, ಉದ್ದ ಹಿಡಿಯ ಉಕ್ಕಿನ ಸಾಧನವನ್ನು ಕಂಕುಳಲ್ಲಿ ಅವುಚಿಕೊಂಡು ಮೈಭಾರ ಹಾಕಿ ಒತ್ತುತ್ತಾರೆ. ಸುತ್ತಿಗೆ ಗುರುತೆಲ್ಲ ಮಾಯವಾಗಿ ತಗಡು ಅಚ್ಚಿಗೆ ಕಚ್ಚಿ ಕೂರುತ್ತದೆ. ಬಾಯಿಯ ಅಂಚಿನಲ್ಲಿ ಒಂದು ತಂತಿ ಇಟ್ಟು ತಗಡನ್ನು ಅದರ ಮೇಲೆ ಮಡಚುತ್ತಾರೆ, ಇಲ್ಲದಿದ್ದರೆ ಅಷ್ಟು ತೆಳು ಅಂಚು ಮುಟ್ಟಿದರೆ ಸೊಟ್ಟಗಾಗುತ್ತದೆ.

ನೀವು ಇದನ್ನು ಕಣ್ಣಾರೆ ನೋಡಬಹುದು. ಬೆಲ್ ಬಾಯಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಅಂಚಿನ ಕಡೆಯಿಂದ ಕುತ್ತಿಗೆಯವರೆಗೆ ಉದ್ದಕ್ಕೆ ಒಂದು ಸಣ್ಣ ಗೆರೆ ಕಾಣುತ್ತದೆ, ಬಣ್ಣದಲ್ಲಿ ಎಳೆಯಷ್ಟು ವ್ಯತ್ಯಾಸ ಇರುತ್ತದೆ. ಅದೇ ಬೆಸುಗೆ. ಎರಡು ತುಂಡಿನ ಬೆಲ್ ಆದರೆ ಕುತ್ತಿಗೆಯ ಸುತ್ತ ಉಂಗುರದ ಹಾಗೆ ಗೆರೆ ಇರುತ್ತದೆ.

ಈ ಕೆಲಸ ಬಾಕ್ ಕಂಡುಹಿಡಿದದ್ದಲ್ಲ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 16ನೇ ಶತಮಾನದಲ್ಲಿ ನಾಯ್ಶೆಲ್, ಶ್ನಿಟ್ಸರ್ ಮನೆತನದವರು ಇದೇ ರೀತಿ ತಗಡು ಮಡಚಿ, ಬೆಸೆದು, ಬಡಿದು ಮಾಡುತ್ತಿದ್ದರು. ಎರಾಸ್ಮಸ್ ಶ್ನಿಟ್ಸರ್ 1551ರಲ್ಲಿ ಮಾಡಿದ ಟ್ರೊಂಬೋನ್ ಇವತ್ತಿಗೂ ಆ ಊರಿನ ಮ್ಯೂಸಿಯಮ್ಮಿನಲ್ಲಿದೆ. ಆ ಕಾಲದ ಬೆಲ್ ಇನ್ನೂ ಸಣ್ಣ, ಬಾಯಿ ಅಷ್ಟು ಅರಳಿಲ್ಲ. ಆದರೆ ಇವತ್ತಿನ ವಾದಕನ ಕೈಗೆ ಕೊಟ್ಟರೆ ಎಲ್ಲಿ ಹಿಡಿಯಬೇಕು, ಹೇಗೆ ಎಳೆಯಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಊರಿನ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಇಷ್ಟು. ಗಾಳಿಗೆ ಮುಖ್ಯ ಒಳಗಿನ ಆಕಾರ. ಎಲ್ಲಿ ಎಷ್ಟು ಅಗಲ ಅನ್ನುವುದೇ ಶ್ರುತಿಯನ್ನೂ ನಾದವನ್ನೂ ಹೆಚ್ಚಾಗಿ ತೀರ್ಮಾನಿಸುತ್ತದೆ. ಆ ಆಕಾರ ಇರುವುದು ಉಕ್ಕಿನ ಅಚ್ಚಿನಲ್ಲಿ. ಅಚ್ಚು ಲಾರಿ ಹತ್ತಿ ಇನ್ನೊಂದು ಊರಿಗೆ ಹೋದರೂ ಅದರ ಆಕಾರ ಬದಲಾಗುವುದಿಲ್ಲ. ಬದಲಾಗುವುದು ಬಡಿಯುವ ಕೈ, ಕಾಯಿಸುವ ಶಾಖ, ಜೋಡಿಸುವವರ ತಾಳ್ಮೆ.

ಮಂದ್ರಸ್ಥಾಯಿ:

ಅಬ್ಬಾ, ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಒಂದು ಅನುಮಾನ. ಕೈಯಲ್ಲಿ ಬಡಿದದ್ದು ಅಂದ ಮೇಲೆ ಒಂದೇ ಅಚ್ಚಿನಿಂದ ಬಂದ ಎರಡು ಬೆಲ್ ಕೂಡ ಬೇರೆ ಬೇರೆ ಆಗುತ್ತವೆ ಅಲ್ವಾ? ಹಾಗಿದ್ದರೆ ಊರಿನ ಹೆಸರಿಗಿಂತ ಒಂದೊಂದು ವಾದ್ಯವನ್ನೂ ನುಡಿಸಿಯೇ ನೋಡಬೇಕು. ಅಂದ ಹಾಗೆ ಸ್ಲೈಡ್, ಅಂದರೆ ಸ್ವರ ಬದಲಿಸಲು ಹಿಂದೆ ಮುಂದೆ ಎಳೆಯುವ ಜೋಡಿ ಕೊಳವೆ, ಅದರ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ.

ಏಳನೇ ಪೊಸಿಶನ್:

ಸ್ಲೈಡ್ ಬಗ್ಗೆ ನಾನು ಹೇಳುತ್ತೇನೆ. ನನ್ನ ಮಟ್ಟಿಗೆ ಟ್ರೊಂಬೋನಿನ ಜೀವಾಳ ಅದೇ. ಬೆಲ್ ಎಷ್ಟೇ ಚೆನ್ನಾಗಿರಲಿ, ಸ್ಲೈಡ್ ತಡೆದರೆ ಆ ವಾದ್ಯ ಮೂಲೆಗೆ.

ಒಳಗಿನ ಎರಡು ಕೊಳವೆ ನಿಕ್ಕಲ್ ಸಿಲ್ವರ್‌ನದು, ಅಂದರೆ ತಾಮ್ರ, ನಿಕ್ಕಲ್, ಸತು ಸೇರಿದ ಲೋಹ. ಅದರ ಮೇಲೆ ಗಟ್ಟಿ ಕ್ರೋಮ್ ಲೇಪ. ಹೊರಗಿನ ಕೊಳವೆ ತೆಳು ಹಿತ್ತಾಳೆ. ಒಳಕೊಳವೆಯ ಕೆಳತುದಿಯಲ್ಲಿ ಗೇಣಿಗಿಂತ ಕಡಿಮೆ ಉದ್ದದ ಒಂದು ಭಾಗ ಕೂದಲೆಳೆಯಷ್ಟು ದಪ್ಪ ಇರುತ್ತದೆ. ಅದಕ್ಕೆ ಸ್ಟಾಕಿಂಗ್ ಅನ್ನುತ್ತಾರೆ. ಸ್ಲೈಡ್ ಓಡುವಾಗ ಹೊರಕೊಳವೆಗೆ ತಾಗುವುದು ಮುಖ್ಯವಾಗಿ ಆ ಭಾಗ ಮಾತ್ರ, ಉಳಿದ ಉದ್ದಕ್ಕೂ ಎಡೆ ಇರುತ್ತದೆ. 19ನೇ ಶತಮಾನದಲ್ಲಿ ಈ ಉಪಾಯ ಬರುವ ಮುಂಚೆ ಇಡೀ ಕೊಳವೆಯೇ ಉಜ್ಜುತ್ತಿತ್ತು.

ಎಡೆ ಅಂದರೆ ಎಷ್ಟು? ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗ, ಅಷ್ಟೇ. ಜಾಸ್ತಿಯಾದರೆ ಗಾಳಿ ಸೋರುತ್ತದೆ, ಕಡಿಮೆಯಾದರೆ ಸ್ಲೈಡ್ ಹಿಡಿಯುತ್ತದೆ. ಇದರ ಜೊತೆಗೆ ಎರಡೂ ಕಾಲು ಪೂರ್ತಿ ಸಮಾನಾಂತರ ಇರಬೇಕು. ಅದಕ್ಕೇ ಒಳ್ಳೆಯ ಕೆಲಸಗಾರ ಸ್ಲೈಡನ್ನು ಸಪಾಟಾದ ಗ್ರಾನೈಟ್ ಕಲ್ಲಿನ ಮೇಲೆ ಇಟ್ಟು ನೋಡುತ್ತಾನೆ. ನಾಲ್ಕು ಕಡೆಯೂ ಕಲ್ಲಿಗೆ ಕೂರಬೇಕು, ಒಂದು ಮೂಲೆ ಎದ್ದಿದ್ದರೂ ಬೆರಳಲ್ಲಿ ಒತ್ತಿದಾಗ ಟಕ್ ಅಂತ ಸದ್ದು ಬರುತ್ತದೆ. ಅಡ್ಡಪಟ್ಟಿಯನ್ನು ಬೆಸೆಯುವಾಗ ಲೋಹವನ್ನು ಬಲವಂತವಾಗಿ ಎಳೆದು ಕೂರಿಸಿದ್ದರೆ ಆ ಬಿಗಿತ ಒಳಗೇ ಉಳಿದು ಸ್ಲೈಡನ್ನು ಸೊಟ್ಟ ಮಾಡುತ್ತದೆ. ಅದು ಯಾವ ಊರಿನಲ್ಲಿ ಮಾಡಿದ್ದರೂ ಆಗಬಹುದಾದ ತಪ್ಪು.

ಎಫ್ ಟ್ರಿಗರ್ ನಿಮಗೆ ಹೊಸದು ಅಂತ ಕಾಣುತ್ತದೆ, ಅದಕ್ಕೆ ಎರಡು ಮಾತು. ಇದನ್ನು ಕೊಟ್ಟವರು ಲೈಪ್‌ಜಿಗ್‌ನ ಕ್ರಿಶ್ಚಿಯನ್ ಫ್ರೀಡ್ರಿಕ್ ಸಾಟ್ಲರ್, 1839ರಲ್ಲಿ. ಬಿ ಫ್ಲ್ಯಾಟ್ ಟ್ರೊಂಬೋನಿನ ಕೊಳವೆ ಸುಮಾರು 2.7 ಮೀಟರ್. ವಾಲ್ವ್ ಒತ್ತಿದರೆ ಇನ್ನೊಂದು 90 ಸೆಂಟಿಮೀಟರ್ ಸೇರಿಕೊಂಡು ವಾದ್ಯ ಎಫ್‌ಗೆ ಇಳಿಯುತ್ತದೆ. ಸ್ಲೈಡ್ ನಿಲ್ಲಿಸುವ ಜಾಗಕ್ಕೆ ಪೊಸಿಶನ್ ಅನ್ನುತ್ತಾರೆ, ಮೊದಲನೇ ಪೊಸಿಶನ್ನಿಂದ ಎರಡನೆಯದಕ್ಕೆ ಮಾಮೂಲಿಯಾಗಿ ಸುಮಾರು 8 ಸೆಂಟಿಮೀಟರ್ ಎಳೆಯುತ್ತೀರಿ. ವಾಲ್ವ್ ಒತ್ತಿದಾಗ ಅದೇ ಹೆಜ್ಜೆ ಹತ್ತಿರಹತ್ತಿರ 11 ಸೆಂಟಿಮೀಟರ್ ಆಗುತ್ತದೆ, ಯಾಕೆಂದರೆ ಕೊಳವೆ ಉದ್ದವಾದಷ್ಟೂ ಒಂದು ಅರ್ಧಸ್ವರ ಇಳಿಸಲು ಜಾಸ್ತಿ ಉದ್ದ ಬೇಕು. ಹಾಗಾಗಿ ಏಳು ಪೊಸಿಶನ್ ಇರುವ ಜಾಗದಲ್ಲಿ ಆರೇ ಹಿಡಿಸುತ್ತವೆ. ಕೆಳಗಿನ ಇ ಫ್ಲ್ಯಾಟ್, ಡಿ, ಡಿ ಫ್ಲ್ಯಾಟ್, ಸಿ ಸಿಗುತ್ತವೆ, ಅದರ ಕೆಳಗಿನ ಬಿ ಸಿಗುವುದಿಲ್ಲ. ಬಾಸ್ ಟ್ರೊಂಬೋನಿಗೆ ಎರಡನೇ ವಾಲ್ವ್ ಬಂದದ್ದರ ಒಂದು ಕಾರಣ ಈ ಬಿ. ಮೊದಮೊದಲು ನಿಮಗೆ ಟ್ರಿಗರ್ ಸ್ವರಗಳೆಲ್ಲ ಏರಿ ಕೇಳಿಸುತ್ತವೆ, ವಾದ್ಯವನ್ನು ದೂರಬೇಡಿ, ಕೈ ಕುದುರಬೇಕು.

ಇನ್ನೊಂದು ವಿಷಯ. 42ರ ಬೋರ್ 13.89 ಮಿಲಿಮೀಟರ್, ಮೌತ್‌ಪೀಸ್ ದೊಡ್ಡ ಶ್ಯಾಂಕಿನದು, ಅಂದರೆ ವಾದ್ಯದೊಳಗೆ ಕೂರುವ ಬಾಲ ದಪ್ಪ. ನಿಮ್ಮ ಸಣ್ಣ ಬೋರಿನ ಮೌತ್‌ಪೀಸ್ ಇದಕ್ಕೆ ಕೂರುವುದಿಲ್ಲ, ಒಳಗೆ ತೀರಾ ಆಳಕ್ಕೆ ಇಳಿದು ಅಲ್ಲಾಡುತ್ತದೆ. ನೋಡಲು ಹೋಗುವಾಗ ದೊಡ್ಡ ಶ್ಯಾಂಕಿನ 5ಜಿ ಥರದ್ದು ಒಂದು ಹೊಂದಿಸಿಕೊಂಡು ಹೋಗಿ. ಇಲ್ಲದಿದ್ದರೆ ಎರಡು ವಾದ್ಯಗಳ ವ್ಯತ್ಯಾಸ ನಿಮಗೆ ಗೊತ್ತೇ ಆಗುವುದಿಲ್ಲ.

ರೋಸ್‌ಬ್ರಾಸ್:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಎಲ್ಕ್‌ಹಾರ್ಟ್ ಅಂದರೆ ಏನೋ ಒಂದು ಮೆಟ್ಟಿಲು ಕೆಳಗೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಬಾಕ್ ಅಚ್ಚುಗಳು ಹೋಗಿ ಇಳಿದದ್ದು ಯಾವುದೋ ಗೊತ್ತುಗುರಿ ಇಲ್ಲದ ಊರಿನಲ್ಲಲ್ಲ. ಆ ಊರಿನಲ್ಲಿ ಹಿತ್ತಾಳೆ ವಾದ್ಯ ಶುರುವಾಗಿದ್ದು ಚಾರ್ಲ್ಸ್ ಜೆರಾರ್ಡ್ ಕಾನ್ ಅವರಿಂದ. ತುಟಿಗೆ ಪೆಟ್ಟಾಗಿ ಕಾರ್ನೆಟ್ ನುಡಿಸಲು ಆಗದೆ, ಅಂಚಿಗೆ ರಬ್ಬರ್ ಹಾಕಿದ ಮೌತ್‌ಪೀಸ್ ಮಾಡಿಕೊಂಡು 1875ರಲ್ಲಿ ಪೇಟೆಂಟ್ ಪಡೆದವರು ಅವರು. ಬಾಕ್ ಕೂಡ ಮೌತ್‌ಪೀಸ್‌ನಿಂದಲೇ ಶುರು ಮಾಡಿದ್ದು, ಗಮನಿಸಿ. ಕಾನ್ ಕಾರ್ಖಾನೆ 1883ರಲ್ಲಿ ಒಮ್ಮೆ, 1910ರಲ್ಲಿ ಇನ್ನೊಮ್ಮೆ ಸುಟ್ಟು ಬೂದಿಯಾಯಿತು. ಎರಡು ಸಲವೂ ಮತ್ತೆ ಕಟ್ಟಿದರು. ಅವರ ಹತ್ತಿರ ಕೆಲಸ ಕಲಿತವರು ಹೊರಬಂದು ತಮ್ಮದೇ ಕಾರ್ಖಾನೆ ತೆರೆದರು, ಬುಶರ್ ಅಂಥವರಲ್ಲಿ ಒಬ್ಬರು. 1965ರ ಹೊತ್ತಿಗೆ ಆ ಊರಿನಲ್ಲಿ ಅಪ್ಪನಿಂದ ಮಗನಿಗೆ ಈ ಕೆಲಸ ದಾಟಿ ಬಂದ ಮನೆಗಳಿದ್ದವು. ಬಾಕ್ ಅಚ್ಚು ಅಂಥ ಕೈಗಳಿಗೆ ಸೇರಿದ್ದು.

ಕಾನ್ 88ಎಚ್ ವಾದಕರನ್ನು ಕೇಳಿ ನೋಡಿ. 1950ರ ದಶಕದಲ್ಲಿ ಬಂದ ವಾದ್ಯ, ಬೋರ್ 42ರದೇ ಅಳತೆ, ಬೆಲ್ ಮಾತ್ರ ರೋಸ್ ಬ್ರಾಸ್, ತಾಮ್ರ ಜಾಸ್ತಿ ಇರುವುದು. ಸಾಮಾನ್ಯ ಹಳದಿ ಹಿತ್ತಾಳೆಯಲ್ಲಿ ತಾಮ್ರ ನೂರಕ್ಕೆ 70, ರೋಸ್‌ನಲ್ಲಿ ಸುಮಾರು 90. 1970ರ ಸುಮಾರಿಗೆ ಕಾನ್ ಕಂಪನಿ ಎಲ್ಕ್‌ಹಾರ್ಟ್ ಬಿಟ್ಟು ಟೆಕ್ಸಸ್‌ನ ಅಬಿಲೀನ್‌ಗೆ ಹೋಯಿತು. ಇವತ್ತು ಕಾನ್ ಪ್ರಿಯರು ಮುಗಿಬಿದ್ದು ಹುಡುಕುವುದು ಯಾವುದನ್ನು ಗೊತ್ತಾ? "ಎಲ್ಕ್‌ಹಾರ್ಟ್ ಕಾನ್". ಅಂದರೆ ಒಂದೇ ಊರಿನ ಹೆಸರು ಕಾನ್ ಮೇಲಿದ್ದರೆ ಹೊಗಳಿಕೆ, ಬಾಕ್ ಮೇಲಿದ್ದರೆ ತೆಗಳಿಕೆ! ಜನ ಹೊಗಳುತ್ತಿರುವುದು ಊರನ್ನಲ್ಲ, ಕಂಪನಿ ಜಾಗ ಬದಲಿಸುವ ಮೊದಲಿನ ಕಾಲವನ್ನು. ಜಾಗ ಬದಲಾದಾಗ ಹಳೆಯ ಕೆಲಸಗಾರರು ಜೊತೆಗೆ ಹೋಗುವುದಿಲ್ಲ, ಹೊಸಬರ ಕೈ ಪಳಗುವವರೆಗೆ ಕೆಲವು ವರ್ಷ ಏರುಪೇರು ಆಗುತ್ತದೆ. ನನಗೆ ಕಾಣುವ ಕಾರಣ ಅದು.

ಈಗಂತೂ 2003ರಿಂದ ಎರಡೂ ಹೆಸರು ಕಾನ್-ಸೆಲ್ಮರ್ ಅನ್ನುವ ಒಂದೇ ಮನೆಯಲ್ಲಿವೆ.

ಹಳೇಬೆಲ್:

ರೋಸ್‌ಬ್ರಾಸ್ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ, ಒಂದು ವಿಷಯ ಸೇರಿಸುತ್ತೇನೆ. ಕೈ ಬದಲಾಗಲು ಊರೇ ಬದಲಾಗಬೇಕು ಅಂತಿಲ್ಲ. 2006ರ ಏಪ್ರಿಲ್‌ನಲ್ಲಿ ಎಲ್ಕ್‌ಹಾರ್ಟಿನ ಬಾಕ್ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ಅದು ಸುಮಾರು ಮೂರು ವರ್ಷ ಎಳೆಯಿತು, ಕಂಪನಿ ಹೊಸಬರನ್ನು ಸೇರಿಸಿಕೊಂಡು ಕೆಲಸ ನಡೆಸಿತು. ಹಳಬರಲ್ಲಿ ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಅಚ್ಚು ಅದೇ, ಕಟ್ಟಡ ಅದೇ, ಬೆಲ್ ಮೇಲಿನ ಕೆತ್ತನೆ ಕೂಡ ಅದೇ. ವರ್ಷಗಟ್ಟಲೆ ಬೆಲ್ ಬಡಿದು ಕಲಿತದ್ದನ್ನು ಯಾವ ನಕ್ಷೆಯಲ್ಲೂ ಬರೆದಿಡಲು ಆಗುವುದಿಲ್ಲ ಅಂತ ಆಗ ತುಂಬಾ ಜನಕ್ಕೆ ಅರ್ಥವಾಯಿತು. ಆ ಕೆಲಸಗಾರರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ ಅನ್ನುವುದು ನನಗೆ ಬೇಸರದ ವಿಷಯ. ಬೆಲ್ ಮೇಲೆ ಕಂಪನಿ ಹೆಸರು ಇರುತ್ತದೆ, ಅದನ್ನು ಬಡಿದವರ ಹೆಸರು ಎಲ್ಲೂ ಇರುವುದಿಲ್ಲ.

ಬಾಕ್ ಬಿಟ್ಟು ಹೊಸದು ನೋಡುವುದಾದರೆ ವಿಸ್ಕಾನ್ಸಿನ್‌ನ ಎಡ್ವರ್ಡ್ಸ್ ಇದೆ, ಮ್ಯಾಸಚೂಸೆಟ್ಸ್‌ನ ಶೈರ್ಸ್ ಇದೆ. ಮೊದಲನೆಯದು 1980ರ ದಶಕದ ಕೊನೆಯಲ್ಲಿ, ಎರಡನೆಯದು 1990ರ ದಶಕದಲ್ಲಿ ಶುರುವಾದದ್ದು. ಬೆಲ್ ಬೇರೆ, ಸ್ಲೈಡ್ ಬೇರೆ, ಲೀಡ್‌ಪೈಪ್ (ಮೌತ್‌ಪೀಸ್ ಕೂರುವ ಸಣ್ಣ ಕೊಳವೆ) ಬೇರೆ ಬೇರೆಯಾಗಿ ಆರಿಸಿ ಜೋಡಿಸಿಕೊಳ್ಳಬಹುದು. ಅಲ್ಲಿಗೆ ಹೋದರೂ ವಾದಕರು ಕೇಳುವುದು "ಬಾಕ್ ಥರದ ಬೆಲ್ಲಾ, ಕಾನ್ ಥರದ್ದಾ" ಅಂತಲೇ. ಆ ಇಬ್ಬರ ಅಳತೆ ಅಷ್ಟು ಆಳಕ್ಕೆ ಇಳಿದಿದೆ.

ಲೇಥ್‌ಮನೆ:

ಮಂದ್ರಸ್ಥಾಯಿ ಅವರೇ, ನೋಡಲು ಹೋಗುವ ಮುಂಚೆ ಇದನ್ನು ಓದಿಕೊಂಡು ಹೋಗಿ.

ಮೊದಲು ಸ್ಲೈಡಿನ ಹೊರಭಾಗ ಕಳಚಿ, ಒಳಕೊಳವೆ ಒರೆಸಿ, ಕಿಟಕಿ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಕ್ರೋಮ್‌ಗೆ ಸ್ವಲ್ಪ ನೀಲಿ ಛಾಯೆ ಇರುತ್ತದೆ. ಎಲ್ಲಿ ಅದು ಸವೆದಿದೆಯೋ ಅಲ್ಲಿ ಮಂಕು ಹಳದಿ ಕಾಣುತ್ತದೆ. ಆಮೇಲೆ ಹೊರಸ್ಲೈಡಿನ ಒಂದೇ ಕಾಲನ್ನು ಒಳಗಿನ ಒಂದೇ ಕಾಲಿಗೆ ಏರಿಸಿ. ಇನ್ನೊಂದು ಕಾಲು ಅದರ ಜೋಡಿಯ ಪಕ್ಕದಲ್ಲಿ ಸಮಾನಾಂತರವಾಗಿ ಓಡುತ್ತಾ ಇರಬೇಕು. ಮೇಲೆ ಹತ್ತಿರ ಇದ್ದು ಕೆಳಗೆ ದೂರ ಸರಿದರೆ ಸ್ಲೈಡ್ ಸೊಟ್ಟಗಿದೆ. ಪೂರ್ತಿ ಜೋಡಿಸಿದ ಮೇಲೆ ನೆಟ್ಟಗೆ ಹಿಡಿದು, ಕೆಳಗೆ ಕೈ ಇಟ್ಟುಕೊಂಡು ಬಿಟ್ಟು ನೋಡಿ, ಎಲ್ಲೂ ತಡೆಯದೆ ಜಾರಬೇಕು.

ಮುಂದೆ ಹಿತ್ತಾಳೆ ಮೇಲೆ ಕೆಂಪು ಚುಕ್ಕೆ ಇದೆಯಾ ನೋಡಿ. ಉಸಿರಿನ ತೇವ ಎಷ್ಟೋ ವರ್ಷ ಒಳಗೆ ನಿಂತು ಸತುವನ್ನು ತಿಂದುಹಾಕಿದರೆ ತಾಮ್ರ ಮಾತ್ರ ಉಳಿಯುತ್ತದೆ. ಹೊರಗೆ ಕಾಣುವುದು ಸಾಸಿವೆ ಗಾತ್ರದ ಚುಕ್ಕೆ, ಒಳಗೆ ಅದಕ್ಕಿಂತ ಅಗಲ ಹರಡಿರುತ್ತದೆ. ಮೇಲ್ಮೈ ಕಲೆ ಆದರೆ ಒರೆಸಿದರೆ ಹೋಗುತ್ತದೆ, ಇದು ಹೋಗುವುದಿಲ್ಲ.

ಕೊನೆಯದಾಗಿ ಎಫ್ ಟ್ಯೂಬಿನ ಶ್ರುತಿ ಸ್ಲೈಡನ್ನು ವಾಲ್ವ್ ಒತ್ತದೆ ಹೊರಗೆಳೆದು, ಸ್ವಲ್ಪ ಹೊತ್ತು ಬಿಟ್ಟು ವಾಲ್ವ್ ಒತ್ತಿ. ಟಪ್ ಅಂತ ಚುರುಕಾಗಿ ಸದ್ದು ಬಂದರೆ ರೋಟರ್, ಅಂದರೆ ವಾಲ್ವಿನೊಳಗೆ ತಿರುಗುವ ಭಾಗ, ಬಿಗಿಯಾಗಿದೆ. ಏನೂ ಬರದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ.

ಮಂದ್ರಸ್ಥಾಯಿ:

ಎರಡನ್ನೂ ನೋಡಿ ಬಂದೆ. ಎರಡರ ಬೆಲ್ ಒಳಗೂ ಆ ಉದ್ದ ಗೆರೆ ಕಾಣಿಸಿತು, ನೋಡಿ ಖುಷಿಯಾಯಿತು. ಮೌಂಟ್ ವರ್ನನ್ ವಾದ್ಯದ ನಾದ ಕೇಳಿ ನಿಜಕ್ಕೂ ಮಾತು ಹೊರಡಲಿಲ್ಲ, ಮಧ್ಯದ ಸ್ವರಗಳು ಮೆಲ್ಲಗೆ ಊದಿದರೂ ತುಂಬಿಕೊಂಡು ಬರುತ್ತವೆ. ಆದರೆ ಸ್ಲೈಡಿನ ಕೆಳಕಾಲಿನ ತುದಿಯಲ್ಲಿ ಕ್ರೋಮ್ ಸವೆದು ಹಳದಿ ಕಾಣುತ್ತಿದೆ, ಐದನೇ ಪೊಸಿಶನ್ ದಾಟಿದ ಮೇಲೆ ಸಣ್ಣಗೆ ಹಿಡಿಯುತ್ತದೆ. ಕೆಂಪು ಚುಕ್ಕೆ ಎಲ್ಲೂ ಇಲ್ಲ. ಎಲ್ಕ್‌ಹಾರ್ಟ್‌ದರ ಸ್ಲೈಡ್ ನೀರಿನ ಹಾಗೆ ಓಡುತ್ತದೆ, ರೋಟರ್ ಕೂಡ ಬಿಗಿ ಇದೆ. ನಾದ ಸ್ವಲ್ಪ ಸೀದಾ, ಆದರೆ ಶ್ರುತಿ ಎಲ್ಲ ಕಡೆ ನಿಲ್ಲುತ್ತದೆ. ಸವೆದ ಸ್ಲೈಡನ್ನು ಸರಿ ಮಾಡಿಸಬಹುದಾ, ಅಥವಾ ಅದು ಮುಗಿದ ಕಥೆಯಾ?

ಲೇಥ್‌ಮನೆ:

ಮುಗಿದ ಕಥೆ ಅಲ್ಲ. ಒಳಕೊಳವೆ ಎರಡನ್ನೂ ಬಿಚ್ಚಿ ಹೊಸದು ಬೆಸೆಯಬಹುದು. ಹೊರಕೊಳವೆಯ ಒಳಮೈಯಲ್ಲಿ ಗೀರು, ತಗ್ಗು ಇಲ್ಲದಿದ್ದರೆ ಕಲ್ಲಿನ ಮೇಲೆ ಇಟ್ಟು ಜೋಡಿಸಿದ ಮೇಲೆ ಹೊಸದರಂತೆ ಓಡುತ್ತದೆ. ಕೆಲಸ ಒಪ್ಪಿಸುವಾಗ ಒಂದು ಮಾತು ಮರೆಯಬೇಡಿ. ಮೇಲಿನ ಒಳಕೊಳವೆಯ ತಲೆಯಲ್ಲಿ, ಮೌತ್‌ಪೀಸ್ ಕೂರುವ ಜಾಗದಲ್ಲಿ, ಲೀಡ್‌ಪೈಪ್ ಅನ್ನುವ ಸಣ್ಣ ಕೊಳವೆ ಬೆಸೆದಿರುತ್ತದೆ. ಗಾಳಿ ಮೊದಲು ಹಾಯುವುದು ಅದರೊಳಗೆ, ಅದರ ಇಳಿಜಾರು ಬದಲಾದರೆ ನೀವು ಮೆಚ್ಚಿಕೊಂಡ ಆ ನಾದವೂ ಬದಲಾಗಬಹುದು. ಹಳೆಯ ಕೊಳವೆ ಬಿಚ್ಚುವಾಗ ಲೀಡ್‌ಪೈಪನ್ನು ಹುಷಾರಾಗಿ ಹೊರತೆಗೆದು ಅದನ್ನೇ ವಾಪಸ್ ಹಾಕಿ ಅಂತ ಬರೆದುಕೊಡಿ.

ಜೊತೆಗೆ, ಸ್ಲೈಡೂ ಬೆಲ್ಲೂ ಒಂದು ತಿರುಪಿನಲ್ಲಿ ಬೇರೆಯಾಗುವ ವಸ್ತು. ಇಷ್ಟು ವರ್ಷದಲ್ಲಿ ಜೋಡಿ ಅದಲುಬದಲಾಗಿರಬಹುದು. ಆ ಸ್ಲೈಡ್ ಮೊದಲಿಂದಲೂ ಆ ಬೆಲ್ ಜೊತೆಗೇ ಇದ್ದದ್ದಾ ಅಂತ ಮಾರುವವರನ್ನು ಕೇಳಿ.

ಏಳನೇ ಪೊಸಿಶನ್:

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಎಲ್ಕ್‌ಹಾರ್ಟ್‌ದರ ಸ್ಲೈಡನ್ನು ಮೌಂಟ್ ವರ್ನನ್ ಬೆಲ್ಲಿಗೆ ಹಾಕಿ ನುಡಿಸಿ ನೋಡಿ. ಎರಡೂ 42, ತಿರುಪು ಕೂತರೆ ಎರಡು ನಿಮಿಷದ ಕೆಲಸ, ಕೂರದಿದ್ದರೆ ಮಾತ್ರ ಒತ್ತಾಯ ಮಾಡಬೇಡಿ. ಆ ತುಂಬಿದ ನಾದ ಹಾಗೇ ಉಳಿದರೆ ಅದು ಬೆಲ್ಲಿನದು, ಸ್ಲೈಡ್ ರಿಪೇರಿಗೆ ಧೈರ್ಯವಾಗಿ ಕೊಡಬಹುದು. ನಾದ ಮಾಯವಾದರೆ ಅದು ಇದ್ದದ್ದು ಹಳೆಯ ಸ್ಲೈಡಿನಲ್ಲಿ, ಅದರ ಲೀಡ್‌ಪೈಪಿನಲ್ಲಿ. ಆಗ ರಿಪೇರಿ ಮಾಡಿಸಿದ ಮೇಲೆ ಅದೇ ನಾದ ಬರುತ್ತದೆ ಅಂತ ಯಾರೂ ಮಾತು ಕೊಡಲಾರರು, ಎಲ್ಕ್‌ಹಾರ್ಟ್‌ದನ್ನೇ ತೊಗೊಳ್ಳಿ.